ತುದಿಯಿಂದ ಕಾರ್ಡ್ ತೆಗೆಯುತ್ತಾ ಹೋಗುವ ಆಟ: ಕೊನೆಗೆ ಉಳಿಯುವ ಕಾರ್ಡ್ ಯಾವುದು?

ಕೊನೆಕಾರ್ಡ್

ಸಮಸ್ಯೆ ಹೀಗಿದೆ. ಒಂದು ಸಾಲಿನಲ್ಲಿ ನ ಕಾರ್ಡ್‌ಗಳಿವೆ. ಪ್ರತಿಯೊಂದರ ಮೇಲೂ ಒಂದು ಸಂಖ್ಯೆ, ಎಲ್ಲವೂ ಇಬ್ಬರಿಗೂ ಕಾಣುವಂತೆ. ಗಿರಿಜಾ ಮತ್ತು ಕಿರಣ ಸರದಿಯಂತೆ ಆಡುತ್ತಾರೆ, ಮೊದಲ ಸರದಿ ಗಿರಿಜಾಳದು. ಸರದಿ ಬಂದವರು ಎಡ ತುದಿಯದೋ ಬಲ ತುದಿಯದೋ ಒಂದು ಕಾರ್ಡನ್ನು ತೆಗೆಯಲೇಬೇಕು, ಸರದಿ ಬಿಟ್ಟುಕೊಡುವಂತಿಲ್ಲ. ಒಂದೇ ಕಾರ್ಡ್ ಉಳಿದಾಗ ಆಟ ಮುಗಿಯಿತು, ಅದರ ಮೇಲಿನ ಸಂಖ್ಯೆಯೇ ಫಲಿತಾಂಶ. ಗಿರಿಜಾಗೆ ಅದು ಗರಿಷ್ಠ ಆಗಬೇಕು, ಕಿರಣನಿಗೆ ಕನಿಷ್ಠ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಫಲಿತಾಂಶ ಎಷ್ಟು? ನ 3 ಲಕ್ಷದವರೆಗೂ ಇರಬಹುದು.

ಪ್ರತಿ ಸರದಿಯಲ್ಲೂ ಗಿರಿಜಾ ಸಣ್ಣ ತುದಿಯನ್ನೂ ಕಿರಣ ದೊಡ್ಡ ತುದಿಯನ್ನೂ ತೆಗೆಯುತ್ತಾ ಹೋದರೆ ಸಾಕಾಗುತ್ತದೆಯೇ? ಸಾಲದಿದ್ದರೆ ಎಲ್ಲಿ ಎಡವುತ್ತದೆ ಎಂದು ಉದಾಹರಣೆ ಸಮೇತ ತಿಳಿಸಿ.

ಸಮಬೆಸ

ಸಾಲದು. ನಾಲ್ಕೇ ಕಾರ್ಡ್‌ನಲ್ಲಿ ಈ ಗ್ರೀಡಿ (ಆ ಕ್ಷಣಕ್ಕೆ ಲಾಭ ಕಂಡದ್ದನ್ನೇ ಆರಿಸುವ) ಕ್ರಮ ಮುಗ್ಗರಿಸುತ್ತದೆ:

1 9 2 3

ಗಿರಿಜಾ ಸಣ್ಣ ತುದಿ ಎಂದು 1 ತೆಗೆದರೆ 9 2 3 ಉಳಿಯುತ್ತದೆ. 9 ಈಗ ತುದಿಗೆ ಬಂದು ಬಯಲಾಯಿತು, ಕಿರಣ ಅದನ್ನೇ ಎತ್ತುತ್ತಾನೆ. ಮಿಕ್ಕ 2 3 ರಲ್ಲಿ ಅವಳಿಗೆ ದಕ್ಕುವುದು 3. ಬದಲಿಗೆ ಮೊದಲು ಬಲಗಡೆಯ 3 ತೆಗೆದಿದ್ದರೆ 1 9 2 ಉಳಿಯುತ್ತಿತ್ತು. ಕಿರಣ ಯಾವ ತುದಿ ತೆಗೆದರೂ ಗಿರಿಜಾ ಇನ್ನೊಂದು ತುದಿ ತೆಗೆಯುತ್ತಾಳೆ, 9 ಉಳಿಯುತ್ತದೆ.

ಗಮನಿಸಬೇಕಾದ್ದು ಇಷ್ಟೇ: ತೆಗೆಯುವ ಕಾರ್ಡಿನ ಬೆಲೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ತೆಗೆದಾಗ ಒಳಗಿನ ಯಾವ ಕಾರ್ಡ್ ತುದಿಗೆ ಬರುತ್ತದೆ ಎನ್ನುವುದಷ್ಟೇ ಲೆಕ್ಕ.

ಲೆಕ್ಕಿಗ

ಮೊದಲು ಸರಿಯಾದ, ನಿಧಾನವಾದ ಉತ್ತರ ಕೈಯಲ್ಲಿರಲಿ. ಮುಂದೆ ಯಾವ ಸೂತ್ರ ಬಂದರೂ ಅದನ್ನು ಇದರ ಜೊತೆ ತಾಳೆ ನೋಡಬಹುದು.

ಉಳಿದಿರುವ ಕಾರ್ಡ್‌ಗಳು ಯಾವಾಗಲೂ ಮೂಲ ಸಾಲಿನ ಒಂದು ಅಖಂಡ ತುಂಡು. ಹಾಗಾಗಿ ಸ್ಥಿತಿಗೆ ಎರಡೇ ಸಂಖ್ಯೆ ಸಾಕು: ಎಡ ಗಡಿ ಎ, ಬಲ ಗಡಿ ಬ. ಯಾರ ಸರದಿ ಎಂದು ಬೇರೆಯಾಗಿ ಇಟ್ಟುಕೊಳ್ಳುವುದು ಬೇಡ. ತೆಗೆದ ಕಾರ್ಡ್‌ಗಳ ಸಂಖ್ಯೆ ನ − (ಬ − ಎ + 1) ಸಮವಾದರೆ ಗಿರಿಜಾ, ಬೆಸವಾದರೆ ಕಿರಣ. ಗಿರಿಜಾ ಸರದಿಯಲ್ಲಿ

ಬೆಲೆ(ಎ, ಬ) = ಗರಿಷ್ಠ( ಬೆಲೆ(ಎ+1, ಬ), ಬೆಲೆ(ಎ, ಬ−1) )

ಕಿರಣನ ಸರದಿಯಲ್ಲಿ ಅದೇ ಸಾಲು, ಗರಿಷ್ಠದ ಜಾಗದಲ್ಲಿ ಕನಿಷ್ಠ. ಎ = ಬ ಆದಾಗ ಬೆಲೆ ಅ[ಎ], ಅಂದರೆ ಎಡದಿಂದ ಎ ನೆಯ ಕಾರ್ಡಿನ ಸಂಖ್ಯೆ.

ಮೆಮೊ (ಒಮ್ಮೆ ಕಂಡ ಬೆಲೆಯನ್ನು ಬರೆದಿಟ್ಟು ಮತ್ತೆ ಬಳಸುವುದು) ಇಲ್ಲದೆ ಓಡಿಸಿದರೆ ಪ್ರತಿ ನಡೆಗೆ ಎರಡು ಕವಲು. 30 ಕಾರ್ಡ್‌ಗೆ 29 ನಡೆ, ಅಂದರೆ 53,68,70,912 ದಾರಿಗಳು. ಮೆಮೊ ಇಟ್ಟರೆ ಸ್ಥಿತಿಗಳ ಸಂಖ್ಯೆ ನ(ನ+1)/2 ಕ್ಕೆ ಇಳಿಯುತ್ತದೆ: 5000 ಕಾರ್ಡ್‌ಗೆ 1,25,02,500. ಇದು ಆರಾಮಾಗಿ ಓಡುತ್ತದೆ. 3 ಲಕ್ಷಕ್ಕೆ ಮಾತ್ರ 4500 ಕೋಟಿ ದಾಟುತ್ತದೆ, ಅಲ್ಲಿಗೆ ಈ ದಾರಿ ಮುಚ್ಚಿತು.

ಬರೆಯುವಾಗ ಎರಡು ಎಚ್ಚರಿಕೆ. ಪೈಥಾನ್‌ನಲ್ಲಿ ರಿಕರ್ಷನ್ ಮಿತಿ (ಫಂಕ್ಷನ್ ತನ್ನನ್ನೇ ಎಷ್ಟು ಆಳಕ್ಕೆ ಕರೆಯಬಹುದು ಎನ್ನುವುದು) ಸಾಮಾನ್ಯವಾಗಿ 1000. 1000 ದಾಟಿದ ಸಾಲಿಗೆ ರಿಕರ್ಷನ್ ಬಿಟ್ಟು ಲೂಪ್‌ನಲ್ಲೇ ಬರೆಯಿರಿ. ಲೂಪ್ ಬರೆಯುವಾಗ ತುಂಡಿನ ಉದ್ದ 1, 2, 3 ಎಂದು ಮೇಲಕ್ಕೆ ಹೋಗಬೇಕು. ಪ್ರತಿ ಉದ್ದಕ್ಕೂ ಹಿಂದಿನ ಉದ್ದದ ಒಂದೇ ಸಾಲು ಬೇಕಾಗುವುದರಿಂದ ಇಡೀ ಕೋಷ್ಟಕ ಇಡದೆ ನ ಮನೆಗಳ ಒಂದು ಅರೇಯಲ್ಲೇ ಕೆಲಸ ಮುಗಿಯುತ್ತದೆ.

ಹೊಸಕಲಿಕೆ

ಇದು ಜೋಸೆಫಸ್ ಸಮಸ್ಯೆಯ ಇನ್ನೊಂದು ರೂಪವೇ ಅಲ್ಲವೇ? ಅಲ್ಲೂ ಒಬ್ಬೊಬ್ಬರನ್ನೇ ತೆಗೆಯುತ್ತಾ ಕೊನೆಗೆ ಉಳಿದವರನ್ನು ಹುಡುಕುತ್ತೇವೆ.

ಸಮಬೆಸ

ಹೊರನೋಟಕ್ಕೆ ಹಾಗೆ ಕಾಣುತ್ತದೆ, ಒಳಗೆ ಬೇರೆಯೇ. ಜೋಸೆಫಸ್‌ನಲ್ಲಿ ಯಾರಿಗೂ ಆಯ್ಕೆ ಇಲ್ಲ. 41 ಜನರ ವೃತ್ತದಲ್ಲಿ ಪ್ರತಿ ಮೂರನೆಯವರನ್ನು ತೆಗೆದರೆ 31ನೇ ಸ್ಥಾನ ಉಳಿಯುತ್ತದೆ, ಅದು ಬರೀ ಎಣಿಕೆ. ಇಲ್ಲಿ ಪ್ರತಿ ಹೆಜ್ಜೆಯಲ್ಲೂ ಒಬ್ಬರು ಮನಸ್ಸಿಟ್ಟು ಆರಿಸುತ್ತಾರೆ, ಎದುರಾಳಿ ಅದನ್ನು ಕೆಡಿಸಲು ಆರಿಸುತ್ತಾನೆ. ಇದು 1913ರಲ್ಲಿ ಗಣಿತಜ್ಞ ಜೆರ್ಮೆಲೊ ಚದುರಂಗದ ಬಗ್ಗೆ ಬರೆದ ಪ್ರಬಂಧದ ಜಾತಿಗೆ ಸೇರಿದ್ದು: ಎಲ್ಲವೂ ಇಬ್ಬರಿಗೂ ಕಾಣುತ್ತದೆ, ಅದೃಷ್ಟದ ಪಾತ್ರವಿಲ್ಲ, ಆಟ ಮುಗಿದೇ ಮುಗಿಯುತ್ತದೆ. ಹಾಗಾಗಿ ಪ್ರತಿ ಸ್ಥಿತಿಗೂ ಒಂದು ನಿಶ್ಚಿತ ಬೆಲೆ ಇದ್ದೇ ಇರುತ್ತದೆ.

ನಡುಬಿಂದು

3 ಲಕ್ಷಕ್ಕೂ ಓಡುವ ಉತ್ತರ ಇದೆ, ಅದಕ್ಕೆ ಲೂಪ್ ಕೂಡ ಬೇಡ.

ಮೊದಲು ಕೊನೆಯ ನಡೆ ಯಾರದು ಎಂದು ಕೇಳಿಕೊಳ್ಳಿ. ಒಟ್ಟು ನಡೆಗಳು ನ − 1. ನ ಸಮವಾದರೆ ನಡೆಗಳು ಬೆಸ, ಮೊದಲು ಆಡಿದ ಗಿರಿಜಾಳೇ ಕೊನೆಯದನ್ನೂ ಆಡುತ್ತಾಳೆ. ನ ಬೆಸವಾದರೆ ಕೊನೆಯ ನಡೆ ಕಿರಣನದು. ಈ ಆಟದ ಬಲವೆಲ್ಲ ಕೊನೆಯ ನಡೆಯಲ್ಲಿದೆ, ಅದಕ್ಕೇ ಎರಡನ್ನೂ ಬೇರೆ ಬೇರೆ ನೋಡಬೇಕು.

ನ ಸಮ ಇದ್ದಾಗ ನಡುವೆ ಎರಡು ಕಾರ್ಡ್‌ಗಳಿರುತ್ತವೆ: ಅ[ನ/2] ಮತ್ತು ಅ[ನ/2 + 1]. ಉತ್ತರ ಅವೆರಡರಲ್ಲಿ ದೊಡ್ಡದು. ಸಾಧಿಸುವುದು ಹೀಗೆ.

ಅದಕ್ಕಿಂತ ಕಡಿಮೆ ಆಗದು: ಗಿರಿಜಾಗೆ ಅ[ನ/2] ಬೇಕಿದ್ದರೆ ಮೊದಲು ಬಲ ತುದಿ ತೆಗೆಯಲಿ, ಅ[ನ/2 + 1] ಬೇಕಿದ್ದರೆ ಎಡ ತುದಿ ತೆಗೆಯಲಿ. ಆಗ ಉಳಿದ ಬೆಸ ಸಾಲಿನ ನಟ್ಟನಡುವೆ ಅವಳಿಗೆ ಬೇಕಾದ ಕಾರ್ಡ್ ಕೂರುತ್ತದೆ. ಅಲ್ಲಿಂದ ಮುಂದೆ ಕಿರಣ ಎಡ ತೆಗೆದರೆ ಅವಳು ಬಲ, ಅವನು ಬಲ ತೆಗೆದರೆ ಅವಳು ಎಡ. ನಡುವಿನ ಕಾರ್ಡ್ ನಡುವೆಯೇ ಇದ್ದು ಕೊನೆಗೆ ಒಂಟಿಯಾಗಿ ಉಳಿಯುತ್ತದೆ.

ಅದಕ್ಕಿಂತ ಹೆಚ್ಚೂ ಆಗದು: ಕಿರಣನೂ ಮೊದಲಿನಿಂದಲೇ ಎದುರು ತುದಿಯ ಆಟ ಆಡಬಹುದು. ಅವಳು ಎಡ ತೆಗೆದಾಗ ಅವನು ಬಲ, ಅವಳು ಬಲ ತೆಗೆದಾಗ ಅವನು ಎಡ. ಕೊನೆಗೆ ಎರಡೇ ಕಾರ್ಡ್ ಉಳಿದಾಗ ಅವು ಅದೇ ನಡುವಿನ ಎರಡು, ಸರದಿ ಗಿರಿಜಾಳದು. ಅವುಗಳಲ್ಲಿ ದೊಡ್ಡದಕ್ಕಿಂತ ಹೆಚ್ಚು ಅವಳಿಗೆ ಸಿಗುವ ದಾರಿಯಿಲ್ಲ.

ಎರಡೂ ಕಡೆಯಿಂದ ಒಂದೇ ಸಂಖ್ಯೆಗೆ ಬಂದು ನಿಂತೆವು, ಸಾಧನೆ ಪೂರ್ತಿ. ತುದಿಗಳಲ್ಲಿ ಎಷ್ಟೇ ದೊಡ್ಡ ಸಂಖ್ಯೆಗಳಿದ್ದರೂ ಫಲಿತಾಂಶಕ್ಕೆ ಅವುಗಳ ಸೋಂಕೇ ಇಲ್ಲ ಎನ್ನುವುದು ಈ ಸಮಸ್ಯೆಯ ಸೊಗಸು.

ಕೊನೆಕಾರ್ಡ್

ಬೆಸಕ್ಕೆ?

ನಡುಬಿಂದು

ಒಂದು ನಡೆ ಮುಂದೆ ನೋಡಿದರೆ ಸಾಕು. ಮ = (ನ+1)/2 ಎಂದಿರಲಿ, ಅ[ಮ] ನಟ್ಟನಡುವಿನ ಕಾರ್ಡ್. ಗಿರಿಜಾ ಒಂದು ತುದಿ ತೆಗೆದ ಮೇಲೆ ಸಾಲು ಸಮವಾಗುತ್ತದೆ, ಸರದಿ ಕಿರಣನದು. ಈಗ ಮೇಲಿನದೇ ವಾದ ತಲೆಕೆಳಗಾಗಿ ನಡೆಯುತ್ತದೆ: ಫಲಿತಾಂಶ ನಡುವಿನ ಎರಡರಲ್ಲಿ ಚಿಕ್ಕದು. ಎಡ ತೆಗೆದರೆ ಆ ಎರಡು ಅ[ಮ], ಅ[ಮ+1]. ಬಲ ತೆಗೆದರೆ ಅ[ಮ−1], ಅ[ಮ]. ಗಿರಿಜಾ ಇವುಗಳಲ್ಲಿ ಒಳ್ಳೆಯದನ್ನು ಆರಿಸುತ್ತಾಳೆ:

ಗರಿಷ್ಠ( ಕನಿಷ್ಠ(ಅ[ಮ−1], ಅ[ಮ]), ಕನಿಷ್ಠ(ಅ[ಮ], ಅ[ಮ+1]) )

ಇದನ್ನು ಕುಗ್ಗಿಸಿ ಬರೆದರೆ ಕನಿಷ್ಠ( ಅ[ಮ], ಗರಿಷ್ಠ(ಅ[ಮ−1], ಅ[ಮ+1]) ). ಅಂದರೆ ನಡುವಿನದು ದೊಡ್ಡದಿದ್ದರಷ್ಟೇ ಸಾಲದು, ಪಕ್ಕದಲ್ಲಿ ಒಂದಾದರೂ ದೊಡ್ಡದಿರಬೇಕು.

ಉದಾಹರಣೆಗೆ 4 9 2 7 5 8 1. ನಡುವೆ 7, ಅಕ್ಕಪಕ್ಕ 2 ಮತ್ತು 5. ಉತ್ತರ ಕನಿಷ್ಠ(7, 5) = 5. ಗಿರಿಜಾ ಎಡಗಡೆಯ 4 ತೆಗೆಯಬೇಕು. ಬಲಗಡೆಯ 1 ತೆಗೆದರೆ 2 ಕ್ಕೆ ಕುಸಿಯುತ್ತಾಳೆ, ಆ 1 ಎಷ್ಟೇ ಕ್ಷುಲ್ಲಕವಾಗಿ ಕಂಡರೂ.

ನ = 1 ಆದರೆ ನಡೆಯೇ ಇಲ್ಲ, ಉತ್ತರ ಅ[1]. ಕಿರಣ ಮೊದಲು ಆಡುವ ಪ್ರಶ್ನೆ ಬಂದರೆ ಗರಿಷ್ಠ ಕನಿಷ್ಠ ಅದಲು ಬದಲು ಮಾಡಿ. ಅಥವಾ ಎಲ್ಲ ಸಂಖ್ಯೆಗಳ ಚಿಹ್ನೆ ತಿರುಗಿಸಿ, ಅದೇ ಫಂಕ್ಷನ್ ಓಡಿಸಿ, ಬಂದ ಉತ್ತರದ ಚಿಹ್ನೆಯನ್ನು ಮತ್ತೆ ತಿರುಗಿಸಿ. ಎರಡು ಫಂಕ್ಷನ್ ಬರೆದು ಒಂದರಲ್ಲಿ ತಪ್ಪುವುದಕ್ಕಿಂತ ಇದೇ ಲೇಸು.

ಸೊನ್ನೆಒಂದು

ಸೂತ್ರವನ್ನು ಪರೀಕ್ಷಿಸುವವರು ಸಾಮಾನ್ಯವಾಗಿ ಯಾದೃಚ್ಛಿಕ ಸಂಖ್ಯೆಗಳ ಸಾಲು ಹುಟ್ಟಿಸಿ ಬ್ರೂಟ್ ಫೋರ್ಸ್ (ಎಲ್ಲ ದಾರಿಗಳನ್ನೂ ನೋಡುವ ನಿಧಾನದ ಲೆಕ್ಕ) ಜೊತೆ ಹೋಲಿಸುತ್ತಾರೆ. ಈ ಆಟಕ್ಕೆ ಅದಕ್ಕಿಂತ ಗಟ್ಟಿಯಾದ ಪರೀಕ್ಷೆ ಇದೆ: ಬರೀ 0 ಮತ್ತು 1 ಇರುವ ಸಾಲುಗಳು.

ಏಕೆ ಸಾಕು? ಯಾವುದೋ ಒಂದು ಮಿತಿ ಕ್ಷ ತೆಗೆದುಕೊಳ್ಳಿ. ಕ್ಷ ಅಥವಾ ಹೆಚ್ಚಿರುವ ಕಾರ್ಡನ್ನು 1 ಎಂದೂ ಉಳಿದದ್ದನ್ನು 0 ಎಂದೂ ಬರೆಯಿರಿ. ಆಟದ ಬೆಲೆ ಲೆಕ್ಕ ಹಾಕುವುದು ಗರಿಷ್ಠ ಕನಿಷ್ಠಗಳಿಂದ ಮಾತ್ರ, ಕೂಡಿಸುವುದಿಲ್ಲ, ಸರಾಸರಿ ತೆಗೆಯುವುದಿಲ್ಲ. ಗರಿಷ್ಠ ಕನಿಷ್ಠಗಳನ್ನು ಮೊದಲು ಮಾಡಿ ಆಮೇಲೆ ಮಿತಿಗೆ ಹೋಲಿಸಿದರೂ, ಮೊದಲೇ ಹೋಲಿಸಿ ಆಮೇಲೆ ಗರಿಷ್ಠ ಕನಿಷ್ಠ ಮಾಡಿದರೂ ಒಂದೇ. ಹಾಗಾಗಿ "ಫಲಿತಾಂಶ ಕ್ಷ ಮುಟ್ಟುತ್ತದೆಯೇ" ಎನ್ನುವ ಪ್ರಶ್ನೆಗೆ 0-1 ಸಾಲಿನ ಆಟವೇ ಉತ್ತರ ಹೇಳುತ್ತದೆ. ಸೂತ್ರವೂ ಗರಿಷ್ಠ ಕನಿಷ್ಠಗಳಿಂದಲೇ ಕಟ್ಟಿದ್ದಾದರೆ, ಒಂದು ಉದ್ದದ ಎಲ್ಲ 0-1 ಸಾಲುಗಳಲ್ಲಿ ತಾಳೆಯಾಯಿತೆಂದರೆ ಆ ಉದ್ದದ ಯಾವ ಸಂಖ್ಯೆಗಳಿಗೂ ತಾಳೆಯಾದಂತೆ.

ನ = 12 ಕ್ಕೆ ಅಂಥ ಸಾಲುಗಳು 4096 ಮಾತ್ರ. ನ 1 ರಿಂದ 12 ರವರೆಗೆ ಎಲ್ಲ ಸೇರಿ 8190. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಇದು ಮಾದರಿ ತೆಗೆದು ನೋಡುವ ಪರೀಕ್ಷೆಯಲ್ಲ, ಆ ಉದ್ದಗಳಿಗೆ ಇದೇ ಪೂರ್ತಿ ಸಾಧನೆ.

ಹೊಸಕಲಿಕೆ

ಬೆಸ ಸೂತ್ರವನ್ನು ಪೈಥಾನ್‌ನಲ್ಲಿ ಬರೆದರೆ ಒಂದೇ ಕಾರ್ಡ್ ಇರುವ ಇನ್‌ಪುಟ್‌ಗೆ ಎರರ್ ಬರುತ್ತದೆ, ಸರಿ. ಆದರೆ ಅದನ್ನೇ ದೊಡ್ಡ ಸಾಲಿನ ಮೊದಲ ಕಾರ್ಡಿನ ಮೇಲೆ ಓಡಿಸಿದರೆ ಎರರ್ ಇಲ್ಲದೆ ಏನೋ ಒಂದು ಸಂಖ್ಯೆ ಬರುತ್ತದೆ. ಅದು ಎಲ್ಲಿಂದ ಬರುತ್ತದೆ?

ಲೆಕ್ಕಿಗ

ಕೊನೆಯ ಕಾರ್ಡಿನಿಂದ. ಪೈಥಾನ್‌ನಲ್ಲಿ ಮೊದಲ ಕಾರ್ಡಿನ ಇಂಡೆಕ್ಸ್ (ಸ್ಥಾನಸಂಖ್ಯೆ) 0, ಅದರ ಎಡಗಡೆ ಕೇಳಿದರೆ ಅದು −1 ಆಗುತ್ತದೆ, −1 ಎಂದರೆ ಅರೇಯ ಕೊನೆಯ ಮನೆ. ಬಲಗಡೆ ಗಡಿ ದಾಟಿದರೆ ಎರರ್ ಕೊಡುತ್ತದೆ, ಎಡಗಡೆ ದಾಟಿದರೆ ಸದ್ದಿಲ್ಲದೆ ತಪ್ಪು ಕಾರ್ಡ್ ತಂದುಕೊಡುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಾದರೆ ಅರೇಯ ಆಚೆ ಏನಿದೆಯೋ ಅದು. ನಡು ಮ ಯಾವಾಗಲೂ ಎರಡನೆಯ ಕಾರ್ಡಿನಿಂದ ಕೊನೆಯಿಂದ ಎರಡನೆಯದರ ಒಳಗೇ ಇರಬೇಕು ಎಂದು ಲೂಪಿನ ಗಡಿಯಲ್ಲೇ ಹಾಕಿ, ಉದ್ದ 1 ನ್ನು ಪ್ರತ್ಯೇಕವಾಗಿ ಮೊದಲೇ ಮುಗಿಸಿ.

ತುದಿಮೊದಲು

ಇದರ ಕಷ್ಟದ ರೂಪ ಒಂದಿದೆ. ಆಟ ಶುರುವಾಗುವ ಮೊದಲು ಗಿರಿಜಾಗೆ ಟ ಬಿಟ್ಟಿ ನಡೆಗಳು. ಅಷ್ಟನ್ನೂ ಅವಳು ಆಡಲೇಬೇಕು, ಪ್ರತಿಯೊಂದೂ ಯಾವುದಾದರೂ ತುದಿಯಿಂದ. ಆಮೇಲೆ ಎಂದಿನಂತೆ ಗಿರಿಜಾ ಮೊದಲು. ಟ = 0, 1, 2, … , ನ−1 ಪ್ರತಿಯೊಂದಕ್ಕೂ ಉತ್ತರ ಬೇಕು. ಪ್ರತಿ ಟ ಗೂ ಸಾಲು ಪೂರ್ತಿ ಓಡಾಡಿದರೆ ನ ದ ವರ್ಗದಷ್ಟು ಹೆಜ್ಜೆ, ಮತ್ತೆ 3 ಲಕ್ಷಕ್ಕೆ ಸಿಕ್ಕಿಬೀಳುತ್ತೇವೆ.

ನಡುಬಿಂದು

ಬಿಟ್ಟಿ ನಡೆಗಳ ನಂತರ ಉ = ನ − ಟ ಕಾರ್ಡ್‌ಗಳು ಉಳಿಯುತ್ತವೆ. ಎಡದಿಂದ ಎಷ್ಟು, ಬಲದಿಂದ ಎಷ್ಟು ಎನ್ನುವುದು ಅವಳ ಇಷ್ಟ, ಹಾಗಾಗಿ ಉ ಉದ್ದದ ಯಾವ ತುಂಡನ್ನಾದರೂ ಅವಳು ಆರಿಸಿಕೊಳ್ಳಬಹುದು. ಪ್ರತಿ ತುಂಡಿನ ಬೆಲೆ ಅದರ ನಡುವಿನಿಂದ ಗೊತ್ತು. ಅವುಗಳಲ್ಲಿ ದೊಡ್ಡದನ್ನು ತೆಗೆದುಕೊಂಡರೆ ಮುಗಿಯಿತು.

ಉ ಸಮ: ತುಂಡು ಎಡದಿಂದ ಬಲಕ್ಕೆ ಸರಿಯುತ್ತಾ ಹೋದಂತೆ ಅದರ ನಡುವಿನ ಜೋಡಿ ಉ/2 ರಿಂದ ನ − ಉ/2 + 1 ರವರೆಗೆ ಎಲ್ಲ ಕಾರ್ಡ್‌ಗಳನ್ನೂ ಮುಟ್ಟುತ್ತದೆ. ಉತ್ತರ ಆ ವ್ಯಾಪ್ತಿಯ ಗರಿಷ್ಠ.

ಉ ಬೆಸ, 3 ಅಥವಾ ಹೆಚ್ಚು: ಪ್ರತಿ ಒಳಗಿನ ಕಾರ್ಡಿಗೂ ಮೊದಲೇ ಇ[ಮ] = ಕನಿಷ್ಠ( ಅ[ಮ], ಗರಿಷ್ಠ(ಅ[ಮ−1], ಅ[ಮ+1]) ) ಎಂದು ಬರೆದಿಡಿ. ಉತ್ತರ, ಮ = (ಉ+1)/2 ರಿಂದ ನ − (ಉ−1)/2 ರವರೆಗಿನ ಇ[ಮ] ಗಳ ಗರಿಷ್ಠ.

ಉ = 1: ಇಡೀ ಸಾಲಿನ ಗರಿಷ್ಠ.

ಉ ಎರಡೆರಡು ಕಡಿಮೆಯಾದಂತೆ ವ್ಯಾಪ್ತಿ ಎರಡೂ ಕಡೆ ಒಂದೊಂದು ಮನೆ ಹಿಗ್ಗುತ್ತದೆ, ಅಷ್ಟೇ. ಆದ್ದರಿಂದ ಉತ್ತರ[ಉ] = ಗರಿಷ್ಠ( ಉತ್ತರ[ಉ+2], ಹೊಸ ಎರಡು ಮನೆಗಳು ). ಒಟ್ಟು ಕೆಲಸ ನ ಹೆಜ್ಜೆಗಳ ಆಸುಪಾಸು.

ಲೆಕ್ಕಿಗ

ಈ ಹಿಗ್ಗಿಸುವ ಲೂಪಿನಲ್ಲಿ ಅಡಗಿರುವ ತಪ್ಪೊಂದನ್ನು ಹೇಳಲೇಬೇಕು, ಮಾದರಿ ಟೆಸ್ಟ್ ಕೇಸ್‌ಗಳಲ್ಲಿ ಇದು ಸಿಕ್ಕಿಬೀಳದೆ ಹೋಗಬಹುದು. ನ ಬೆಸವಾಗಿದ್ದು ಉ ಸಮವಾಗಿದ್ದಾಗ ಮೊದಲ ವ್ಯಾಪ್ತಿ (ಉ = ನ−1) ಎರಡಲ್ಲ, ಮೂರು ಕಾರ್ಡ್‌ಗಳದು. "ಹೊಸ ಎರಡು ಮನೆ" ಎಂದು ಅದರ ಎರಡು ತುದಿಗಳನ್ನಷ್ಟೇ ಸೇರಿಸಿದರೆ ನಟ್ಟನಡುವಿನ ಕಾರ್ಡ್ ಯಾವ ಸುತ್ತಿನಲ್ಲೂ ಸೇರುವುದಿಲ್ಲ.

ಇದನ್ನು ಹಿಡಿಯುವ ಅತಿ ಚಿಕ್ಕ ಇನ್‌ಪುಟ್: 1 9 1. ಬಿಟ್ಟಿ ನಡೆ ಒಂದು. ಗಿರಿಜಾ ಒಂದು 1 ತೆಗೆದು, ಆಮೇಲೆ ತನ್ನ ಸರದಿಯಲ್ಲಿ ಇನ್ನೊಂದು 1 ನ್ನೂ ತೆಗೆಯುತ್ತಾಳೆ, ಸರಿಯಾದ ಉತ್ತರ 9. ತಪ್ಪು ಲೂಪ್ 1 ಕೊಡುತ್ತದೆ. ಪರಿಹಾರ ಸುಲಭ: ಸಮ ಉ ಗಳ ಲೂಪ್ ಶುರುವಾಗುವ ಮೊದಲು, ನ ಬೆಸವಾದರೆ, ಗರಿಷ್ಠದ ಆರಂಭದ ಬೆಲೆಯಾಗಿ ಅ[(ನ+1)/2] ನ್ನೇ ಇಡಿ. ನ ಸಮವಾಗಿದ್ದರೆ ಈ ತೊಡಕಿಲ್ಲ, ಎರಡು ಲೂಪುಗಳೂ ಎರಡು ಮನೆಗಳಿಂದಲೇ ಶುರುವಾಗುತ್ತವೆ.

ಹೊಸಕಲಿಕೆ

ಬಿಟ್ಟಿ ನಡೆ ಹೆಚ್ಚಿದಷ್ಟೂ ಗಿರಿಜಾಗೆ ಲಾಭವೇ ತಾನೇ? ಹಾಗಿದ್ದರೆ ಉತ್ತರಗಳು ಏರುತ್ತಲೇ ಹೋಗಬೇಕು. ಅದನ್ನು ತಪ್ಪು ಹಿಡಿಯುವ ಪರೀಕ್ಷೆಯಾಗಿ ಬಳಸಬಹುದೇ?

ನಡುಬಿಂದು

ಬಳಸಬೇಡಿ, ಸರಿಯಾದ ಪ್ರೋಗ್ರಾಮನ್ನೇ ತಪ್ಪು ಎಂದು ಹೇಳಿಬಿಡುತ್ತದೆ. 1 9 1 1 ನೋಡಿ.

ಟ = 0: ನಾಲ್ಕು ಕಾರ್ಡ್, ನಡುವೆ 9 ಮತ್ತು 1, ಉತ್ತರ 9.
ಟ = 1: ಅವಳು ಎಡ ತೆಗೆದರೆ 9 1 1, ಬಲ ತೆಗೆದರೆ 1 9 1. ಎರಡರಲ್ಲೂ ಅವಳ ಒಂದು ನಡೆ, ಆಮೇಲೆ ಕಿರಣನ ಕೊನೆಯ ನಡೆ. 9 ಉಳಿಸಿಕೊಂಡು ಯಾವ ಎರಡು ಕಾರ್ಡ್ ಬಿಟ್ಟರೂ ಅವನು 9 ನ್ನೇ ತೆಗೆಯುತ್ತಾನೆ. ಉತ್ತರ 1.
ಟ = 2: 9 1 ಉಳಿಸಿಕೊಂಡು ತನ್ನ ಸರದಿಯಲ್ಲಿ 1 ತೆಗೆಯುತ್ತಾಳೆ. ಉತ್ತರ 9.
ಟ = 3: 9.

ಒಂದು ಬಿಟ್ಟಿ ನಡೆ ಕೊಟ್ಟಿದ್ದಕ್ಕೇ 9 ಹೋಗಿ 1 ಆಯಿತು. ಆ ನಡೆಯಿಂದ ಕೊನೆಯ ನಡೆ ಅವಳ ಕೈತಪ್ಪಿ ಕಿರಣನ ಪಾಲಾಯಿತು, ಕಾರಣ ಅದೊಂದೇ. ಖಚಿತವಾಗಿ ಹೇಳಬಹುದಾದದ್ದು ಎರಡೆರಡರ ಹೆಜ್ಜೆಯಲ್ಲಿ ಮಾತ್ರ: ಟ+2 ರ ಉತ್ತರ ಟ ದ ಉತ್ತರಕ್ಕಿಂತ ಕಡಿಮೆ ಆಗುವುದಿಲ್ಲ. ಪರೀಕ್ಷೆ ಬೇಕಿದ್ದರೆ ಅದನ್ನು ಹಾಕಿಕೊಳ್ಳಿ.

ತುದಿಮೊದಲು

ಬರೀ ಫಲಿತಾಂಶ ಹೇಳುವ ಬದಲು ನಿಜವಾಗಿ ಆಡುವ ಬಾಟ್ ಬರೆಯಬೇಕಿದ್ದರೆ ಎದುರು ತುದಿಯ ತಂತ್ರವನ್ನೇ ಹಾಕಿದರೆ ಸಾಕಲ್ಲವೇ?

ಸಮಬೆಸ

ಸೋಲುವುದಿಲ್ಲ, ಆದರೆ ಎದುರಾಳಿಯ ತಪ್ಪಿನಿಂದ ಗಳಿಸುವುದೂ ಇಲ್ಲ. ಎದುರು ತುದಿಯ ತಂತ್ರ ಒಂದು ಕಾರ್ಡನ್ನು ನಡುವೆ ಕಟ್ಟಿಹಾಕಿ ಕೂರುತ್ತದೆ. ಎದುರಾಳಿ ಎಂಥ ಎಡವಟ್ಟು ನಡೆ ಆಡಿದರೂ ಫಲಿತಾಂಶ ಅದೇ ಕಾರ್ಡ್.

ಉತ್ತಮ ಕ್ರಮ ಇದು: ಪ್ರತಿ ಸರದಿಯಲ್ಲೂ ಎಡ ತೆಗೆದರೆ ಉಳಿಯುವ ತುಂಡಿನ ಬೆಲೆ, ಬಲ ತೆಗೆದರೆ ಉಳಿಯುವ ತುಂಡಿನ ಬೆಲೆ, ಎರಡನ್ನೂ ನಡುಬಿಂದು ಅವರ ಸೂತ್ರದಿಂದ ಹೊಸದಾಗಿ ನೋಡಿ, ಒಳ್ಳೆಯದನ್ನು ಆಡಿ. ಪ್ರತಿ ನಡೆಗೂ ಬೆರಳೆಣಿಕೆಯ ಹೋಲಿಕೆಗಳು ಸಾಕು.

ವ್ಯತ್ಯಾಸ ಎಲ್ಲಿ ಕಾಣುತ್ತದೆ ಎಂದರೆ 1 8 5 4 20 1. ಆರು ಕಾರ್ಡ್, ನಡುವೆ 5 ಮತ್ತು 4, ಆಟದ ಬೆಲೆ 5. ಗಿರಿಜಾ ಬಲಗಡೆಯ 1 ತೆಗೆದಳು: 1 8 5 4 20. ಕಿರಣನಿಗೆ 20 ಕಣ್ಣಿಗೆ ರಾಚುತ್ತದೆ. ತೆಗೆದೇಬಿಟ್ಟರೆ 1 8 5 4. ಇದು ಅವನ ತಪ್ಪು. ಅವನು ಎಡಗಡೆಯ 1 ತೆಗೆಯಬೇಕಿತ್ತು. ಈಗ ಎದುರು ತುದಿಯ ಬಾಟ್ ಕಣ್ಮುಚ್ಚಿ ಎಡಗಡೆಯ 1 ತೆಗೆದು 8 5 4 ಮಾಡಿಕೊಂಡು 5 ಕ್ಕೇ ನಿಲ್ಲುತ್ತದೆ. ಹೊಸದಾಗಿ ಲೆಕ್ಕ ಹಾಕುವ ಬಾಟ್ ಬಲಗಡೆಯ 4 ತೆಗೆದು 1 8 5 ಮಾಡಿ 8 ಗಳಿಸುತ್ತದೆ.

ಇನ್ನೂ ಒಂದು ಮಾತು. ಎರಡೂ ನಡೆಗಳ ಬೆಲೆ ಸಮನಾಗಿದ್ದಾಗ ಕಣ್ಮುಚ್ಚಿ ಎಡ ತುದಿ ಆರಿಸಬೇಡಿ. ಎದುರಾಳಿ ತಪ್ಪಿದರೆ ಯಾವುದರಲ್ಲಿ ಹೆಚ್ಚು ಸಿಗುತ್ತದೆ ಎಂದು ನೋಡಿ. ಮೇಲಿನ ಸಾಲಿನಲ್ಲೇ ಗಿರಿಜಾ ಮೊದಲು ಎಡಗಡೆಯ 1 ತೆಗೆದರೂ ಬೆಲೆ 5: ಉಳಿದ 8 5 4 20 1 ರಲ್ಲಿ ಕಿರಣ ಬಲಗಡೆಯ 1 ತೆಗೆದರೆ 5 ಕ್ಕೆ ಬರುತ್ತದೆ. ಆದರೆ ದೊಡ್ಡ ತುದಿ ಎಂದು 8 ತೆಗೆದನೋ, 5 4 20 1 ಉಳಿದು ಗಿರಿಜಾಗೆ 20 ಸಿಗುತ್ತದೆ. ಗ್ರೀಡಿಯಾಗಿ ಆಡುವ ಎದುರಾಳಿಯ ಮುಂದೆ ಬಲ ತೆಗೆದರೆ 8, ಎಡ ತೆಗೆದರೆ 20. ತಪ್ಪಿಲ್ಲದ ಎದುರಾಳಿಯ ಮುಂದೆ ಎರಡೂ 5.

ತುದಿಮೊದಲು

ಎದುರಾಳಿ ಗ್ರೀಡಿಯೂ ಅಲ್ಲ, ನಾಣ್ಯ ಚಿಮ್ಮಿ ತುದಿ ಆರಿಸುತ್ತಾನೆ ಎಂದಿಟ್ಟುಕೊಳ್ಳೋಣ. ಗಿರಿಜಾಗೆ ಸರಾಸರಿ ಫಲಿತಾಂಶ ಹೆಚ್ಚಬೇಕು. 0-1 ಉಪಾಯ ಬಳಸಿ ಪ್ರತಿ ಮಿತಿಗೂ ಸಂಭವನೀಯತೆ ಕಂಡುಹಿಡಿದು ಕೂಡಿಸಬಹುದೇ?

ಸೊನ್ನೆಒಂದು

ಆಗುವುದಿಲ್ಲ. ಸರಾಸರಿ ಒಳಬಂದ ಕೂಡಲೇ ಆ ವಾದ ಮುರಿಯುತ್ತದೆ, ಏಕೆಂದರೆ ಬೇರೆ ಬೇರೆ ಮಿತಿಗಳಿಗೆ ಬೇರೆ ಬೇರೆ ನಡೆ ಒಳ್ಳೆಯದಾಗಬಹುದು, ಗಿರಿಜಾ ಆಡುವುದು ಮಾತ್ರ ಒಂದೇ ನಡೆ. ಐದು ಕಾರ್ಡ್‌ನಲ್ಲೇ ತೋರಿಸಬಹುದು: 10 0 0 6 6.

ಮೂರು ಕಾರ್ಡ್ ಉಳಿದು ಗಿರಿಜಾ ಸರದಿ ಇದ್ದಾಗ ಅವಳು ನಡುವಿನದನ್ನೂ ಪಕ್ಕದ ದೊಡ್ಡದನ್ನೂ ಉಳಿಸಿಕೊಳ್ಳುತ್ತಾಳೆ, ಸರಾಸರಿ ಅವೆರಡರ ಅರ್ಧ ಮೊತ್ತ. ಮೊದಲು ಬಲಗಡೆಯ 6 ತೆಗೆದರೆ 10 0 0 6. ನಾಣ್ಯದ ನಂತರ 10 0 0 (ಬೆಲೆ 5) ಅಥವಾ 0 0 6 (ಬೆಲೆ 3), ಸರಾಸರಿ 4. ಮೊದಲು ಎಡಗಡೆಯ 10 ತೆಗೆದರೆ 0 0 6 6. ನಾಣ್ಯದ ನಂತರ 0 0 6 (ಬೆಲೆ 3) ಅಥವಾ 0 6 6 (ಬೆಲೆ 6), ಸರಾಸರಿ 4.5. ಸರಿಯಾದ ನಡೆ ಸಾಲಿನ ಅತಿ ದೊಡ್ಡ ಕಾರ್ಡನ್ನೇ ತೆಗೆಯುವುದು!

ಮಿತಿಗಳನ್ನು ಬೇರೆ ಬೇರೆ ಬಿಡಿಸಿ ಕೂಡಿಸಿದರೆ: 6 ರವರೆಗಿನ ಮಿತಿಗೆ ಅತ್ಯುತ್ತಮ ಸಂಭವನೀಯತೆ 3/4 (ಎಡ ತೆಗೆದು), 6 ರಿಂದ 10 ರ ನಡುವಿನ ಮಿತಿಗೆ 1/4 (ಬಲ ತೆಗೆದು). 6 × 3/4 + 4 × 1/4 = 5.5. ಯಾವ ಆಟಕ್ಕೂ ದಕ್ಕದ ಸಂಖ್ಯೆ ಇದು. ಆದ್ದರಿಂದ ನಾಣ್ಯದ ಎದುರಾಳಿಗೆ ಲೆಕ್ಕಿಗ ಅವರ ಡಿಪಿಗೇ (ಡೈನಾಮಿಕ್ ಪ್ರೋಗ್ರಾಮಿಂಗ್, ಚಿಕ್ಕ ತುಂಡುಗಳ ಬೆಲೆಯಿಂದ ದೊಡ್ಡದರ ಬೆಲೆ ಕಟ್ಟುವ ಕ್ರಮ) ಮರಳಿ, ಕಿರಣನ ಸರದಿಯಲ್ಲಿ ಕನಿಷ್ಠದ ಜಾಗದಲ್ಲಿ ಎರಡರ ಸರಾಸರಿ ಹಾಕಬೇಕು.

ಹೊಸಕಲಿಕೆ

ತುದಿಯೇ ಆಗಬೇಕೆಂಬ ನಿಯಮ ತೆಗೆದು, ಎಲ್ಲಿಂದ ಬೇಕಾದರೂ ತೆಗೆಯಬಹುದು ಎಂದರೆ? ಮತ್ತೆ, ತೆಗೆದ ಕಾರ್ಡ್ ತೆಗೆದವರಿಗೇ ಸೇರಿ ಮೊತ್ತ ಹೆಚ್ಚಿದವರು ಗೆಲ್ಲುವ ಆಟಕ್ಕೂ ಈ ನಡುವಿನ ಸೂತ್ರ ಹೊಂದುತ್ತದೆಯೇ?

ಲೆಕ್ಕಿಗ

ಮೊದಲನೆಯದು ಸುಲಭ. ಎಲ್ಲಿಂದ ಬೇಕಾದರೂ ತೆಗೆಯಬಹುದಾದರೆ ಸಾಲಿಗೆ ಅರ್ಥವಿಲ್ಲ, ಏರಿಕೆ ಕ್ರಮದಲ್ಲಿ ಜೋಡಿಸಿ. ಅಲ್ಲಿ ಗ್ರೀಡಿಯೇ ಸರಿ: ಗಿರಿಜಾ ಸಣ್ಣದನ್ನು, ಕಿರಣ ದೊಡ್ಡದನ್ನು ತೆಗೆಯುತ್ತಾರೆ. ನ ಬೆಸವಾದರೆ ಮಧ್ಯಾಂಕ, ಸಮವಾದರೆ ಜೋಡಿಸಿದ ಪಟ್ಟಿಯ ನ/2 + 1 ನೆಯದು.

ಎರಡನೆಯದು ಬೇರೆಯೇ ಆಟ, ನಡುವಿನ ಸೂತ್ರ ಅಲ್ಲಿ ನಡೆಯುವುದಿಲ್ಲ. ಅದಕ್ಕೆ ವ್ಯತ್ಯಾಸ(ಎ, ಬ) = ಗರಿಷ್ಠ( ಅ[ಎ] − ವ್ಯತ್ಯಾಸ(ಎ+1, ಬ), ಅ[ಬ] − ವ್ಯತ್ಯಾಸ(ಎ, ಬ−1) ) ಎನ್ನುವ ಡಿಪಿ ಬೇಕು; ವ್ಯತ್ಯಾಸ ಎಂದರೆ ಸರದಿ ಇರುವವರ ಮೊತ್ತ ಎದುರಾಳಿಯದಕ್ಕಿಂತ ಎಷ್ಟು ಹೆಚ್ಚು ಎನ್ನುವುದು. ನ ಸಮವಾಗಿದ್ದರೆ ಮೊದಲು ಆಡಿದವರು ಸೋಲುವುದಿಲ್ಲ ಎಂದು ಮಾತ್ರ ಡಿಪಿ ಇಲ್ಲದೆಯೂ ಹೇಳಬಹುದು: ಸಮ ಸ್ಥಾನಗಳ ಮೊತ್ತ, ಬೆಸ ಸ್ಥಾನಗಳ ಮೊತ್ತ, ಎರಡರಲ್ಲಿ ಹೆಚ್ಚಿನದನ್ನು ಅವರು ಪೂರ್ತಿಯಾಗಿ ಬಾಚಿಕೊಳ್ಳಬಹುದು. 1 9 2 3 ರಲ್ಲಿ ಸಮ ಸ್ಥಾನಗಳ ಮೊತ್ತ 12, ಬೆಸದ್ದು 3.

ತುದಿಮೊದಲು

ಕೊನೆಯದೊಂದು ರೂಪ. ಕಾರ್ಡ್‌ಗಳು ವೃತ್ತದಲ್ಲಿವೆ. ಗಿರಿಜಾ ಮೊದಲ ನಡೆಯಲ್ಲಿ ಯಾವ ಕಾರ್ಡನ್ನಾದರೂ ತೆಗೆಯಬಹುದು. ಅದರಿಂದ ವೃತ್ತ ಬಿಚ್ಚಿ ಸಾಲಾಗುತ್ತದೆ, ಮುಂದೆ ತುದಿಗಳಿಂದ ಮಾತ್ರ.

ನಡುಬಿಂದು

ಮೊದಲ ನಡೆಯ ನಂತರ ನ−1 ಕಾರ್ಡ್‌ಗಳ ಸಾಲು, ಕಿರಣನ ಸರದಿ. ಯಾವುದು ನಡುವೆ ಬರಬೇಕೆಂದು ಗಿರಿಜಾಳೇ ಆರಿಸುತ್ತಾಳೆ.

ನ ಸಮವಾದರೆ ಉಳಿದ ಸಾಲು ಬೆಸ, ಕೊನೆಯ ನಡೆ ಗಿರಿಜಾಳದು. ಇಡೀ ವೃತ್ತದ ಅತಿ ದೊಡ್ಡ ಕಾರ್ಡಿಗೆ ನೇರ ಎದುರಿರುವ ಕಾರ್ಡನ್ನು ತೆಗೆದರೆ ದೊಡ್ಡದು ನಟ್ಟನಡುವೆ ಬರುತ್ತದೆ, ಮುಂದೆ ಎದುರು ತುದಿಯ ಆಟ. ಅಂದರೆ ಸಮ ವೃತ್ತದಲ್ಲಿ ಅವಳಿಗೆ ಯಾವಾಗಲೂ ಗರಿಷ್ಠವೇ ಸಿಗುತ್ತದೆ. ಇಂಡೆಕ್ಸ್ 0 ಯಿಂದ ಎಣಿಸಿದರೆ, ದೊಡ್ಡದು ಪ ಸ್ಥಾನದಲ್ಲಿದ್ದಾಗ ತೆಗೆಯಬೇಕಾದದ್ದು ಪ + ನ/2 ನ್ನು ನ ದಿಂದ ಭಾಗಿಸಿದ ಶೇಷ.

ನ ಬೆಸವಾದರೆ (3 ಅಥವಾ ಹೆಚ್ಚು) ಉಳಿದ ಸಾಲು ಸಮ, ಫಲಿತಾಂಶ ನಡುವಿನ ಜೋಡಿಯಲ್ಲಿ ಚಿಕ್ಕದು. ಪಕ್ಕಪಕ್ಕದ ಜೋಡಿಗಳಲ್ಲಿ ಯಾವುದರ ಚಿಕ್ಕದು ಎಲ್ಲಕ್ಕಿಂತ ದೊಡ್ಡದೋ ಆ ಜೋಡಿಯನ್ನು ನಡುವೆ ತರಬೇಕು. ಜೋಡಿ ಪ, ಪ+1 ಆದರೆ ತೆಗೆಯಬೇಕಾದದ್ದು ಪ + (ನ+1)/2 ನ್ನು ನ ದಿಂದ ಭಾಗಿಸಿದ ಶೇಷ. 7 3 8 6 2 ರಲ್ಲಿ ಜೋಡಿಗಳ ಚಿಕ್ಕವು ಕ್ರಮವಾಗಿ 3, 3, 6, 2, 2. ಒಳ್ಳೆಯದು 8-6 ಜೋಡಿ, ಪ = 2, ತೆಗೆಯಬೇಕಾದದ್ದು 5 ನ್ನು 5 ರಿಂದ ಭಾಗಿಸಿದ ಶೇಷ 0, ಅಂದರೆ 7. ಉಳಿದ 3 8 6 2 ರಲ್ಲಿ ಕಿರಣ ಏನೇ ಆಡಿದರೂ 6 ಕ್ಕಿಂತ ಕೆಳಗೆ ಇಳಿಸಲಾರ. ಜೋಡಿಗಳನ್ನು ಎಣಿಸುವಾಗ ಕೊನೆಯ ಕಾರ್ಡ್ ಮತ್ತು ಮೊದಲ ಕಾರ್ಡಿನ ಜೋಡಿಯನ್ನು ಬಿಡಬೇಡಿ, ಇಲ್ಲಿ ಅದು 2-7.